ಏಳು ತಿಂಗಳ ಮಗುವಿಗೆ ಯಕೃತ್ತಿನ ಕಸಿ: ಯಾರು ಕೊಡಬಹುದು?

ಪ್ರಶ್ನೆ: ಮೇಡಂ, ನಾವು ಕೆಂಗೇರಿಯಲ್ಲಿದ್ದೇವೆ. ನಮ್ಮ ಏಳು ತಿಂಗಳ ಮಗಳಿಗೆ ಬೈಲಿಯರಿ ಅಟ್ರೀಸಿಯಾ, ಅಂದರೆ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ ಇದೆ. ಬರೀ ಕಾಮಾಲೆಯೆಂದು ನಂಬಿ ಊರಿನಲ್ಲಿ ನಾಟಿ ಔಷಧ ಕೊಡಿಸುತ್ತ ಕುಳಿತೆವು. ಪಿತ್ತ ಹರಿಯಲೆಂದು ಕರುಳನ್ನು ಯಕೃತ್ತಿಗೆ ಜೋಡಿಸುವ ಕಸಾಯಿ ಶಸ್ತ್ರಚಿಕಿತ್ಸೆ ನಡೆದಾಗ ಮಗುವಿಗೆ ನೂರು ದಿನ ದಾಟಿತ್ತು. ಈಗ ಹೊಟ್ಟೆಯಲ್ಲಿ ನೀರು ತುಂಬಿದೆ, ಕಸಿಯೊಂದೇ ದಾರಿ ಎನ್ನುತ್ತಾರೆ. ನನ್ನ ಹೆಂಡತಿ ಯಕೃತ್ತಿನ ಭಾಗ ಕೊಡಲು ಸಿದ್ಧಳಿದ್ದಾಳೆ, ಆದರೆ ನನ್ನ ತಾಯಿ, ಬಾಣಂತಿಯ ಮೈ ಇನ್ನೂ ಗಟ್ಟಿಯಾಗಿಲ್ಲವೆಂದು ಒಪ್ಪುತ್ತಿಲ್ಲ. ಒಂಬತ್ತು ವರ್ಷದ ಮಗ ತಾನೇ ಕೊಡುತ್ತೇನೆಂದು ಅಳುತ್ತಾನೆ. ಮೃತ ದಾನಿಗಾಗಿ ಕಾಯಬಹುದೇ?

ಉತ್ತರ: ಮೊದಲು ನಿಮ್ಮ ಮಗನ ವಿಷಯ. ಹದಿನೆಂಟು ತುಂಬದವರು ಬದುಕಿರುವಾಗ ಅಂಗ ಕೊಡುವುದಕ್ಕೆ, ತೀರಾ ಅಪವಾದದ ಸಂದರ್ಭ ಬಿಟ್ಟರೆ, ನಮ್ಮ ಅಂಗಾಂಗ ಕಸಿ ಕಾಯ್ದೆಯಲ್ಲಿ ಅವಕಾಶವಿಲ್ಲ. ಆ ಭಾರವನ್ನು ಅವನ ಮನಸ್ಸಿನಿಂದ ಇಂದೇ ಇಳಿಸಿ.

ಮೃತ ದಾನಿಗಾಗಿ ಆಸ್ಪತ್ರೆಯ ಮೂಲಕ ಮೃತರ ಅಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಿ. ಆದರೆ ಅದನ್ನೇ ನಂಬಿ ಕೂರಬೇಡಿ. ಹಾಗೆ ಸಿಗುವ ಯಕೃತ್ತು ಹೆಚ್ಚಾಗಿ ದೊಡ್ಡವರದು; ಮಗುವಿನ ಹೊಟ್ಟೆಗೆ ಹೊಂದುವಂತೆ ಅದನ್ನು ವಿಭಾಗಿಸಬೇಕು, ರಕ್ತದ ಗುಂಪೂ ಕೂಡಿಬರಬೇಕು. ಮಿದುಳು ನಿಷ್ಕ್ರಿಯಗೊಂಡ ಮಕ್ಕಳ ಅಂಗಗಳನ್ನು ತಂದೆ ಅಥವಾ ತಾಯಿಯ ಒಪ್ಪಿಗೆಯಿಂದ ದಾನವಾಗಿ ಪಡೆಯಬಹುದಾದರೂ ಅಂಥ ದಾನ ಅಪರೂಪ. ಹೊಟ್ಟೆಯಲ್ಲಿ ನೀರು ತುಂಬಿದ ಮಗುವಿಗೆ ಅಷ್ಟು ವ್ಯವಧಾನವಿರುವುದಿಲ್ಲ.

ನಿಮ್ಮ ತಾಯಿಯವರ ಆತಂಕವನ್ನು ತಳ್ಳಿಹಾಕಬೇಡಿ, ಏಕೆಂದರೆ ದಾನಿಗೆ ಅಪಾಯ ಕಡಿಮೆಯೇ ಹೊರತು ಇಲ್ಲವೇ ಇಲ್ಲವೆಂದಲ್ಲ. ಹಾಗೆಂದೇ ರಕ್ತಪರೀಕ್ಷೆ, ಸ್ಕ್ಯಾನು, ಹೃದಯದ ತಪಾಸಣೆಗಳಲ್ಲಿ ಯಾವುದು ಸರಿಯಿಲ್ಲದಿದ್ದರೂ ನಾವು ದಾನಿಯನ್ನು ವಾಪಸು ಕಳಿಸುತ್ತೇವೆ. ಇಷ್ಟು ಚಿಕ್ಕ ಮಗುವಿಗೆ ಸಾಮಾನ್ಯವಾಗಿ ಯಕೃತ್ತಿನ ಎಡಗಡೆಯ ಸಣ್ಣ ಭಾಗ, ಸುಮಾರು ಕಾಲು ಪಾಲಿನೊಳಗೆ, ಸಾಕು; ಉಳಿದ ಯಕೃತ್ತು ಕೆಲವೇ ತಿಂಗಳಲ್ಲಿ ಬೆಳೆದು ಕೊರತೆ ತುಂಬಿಕೊಳ್ಳುತ್ತದೆ. ನಿಜವಾದ ಕಷ್ಟ ಬೇರೆಯದು: ತಾಯಿ ವಾರ್ಡಿನಲ್ಲಿ, ಮಗು ಐಸಿಯುನಲ್ಲಿ, ಆಮೇಲೆ ಕೆಲವು ವಾರ ತಾಯಿ ಭಾರ ಎತ್ತುವಂತಿಲ್ಲ, ಅಂದರೆ ಮಗುವನ್ನೂ ಎತ್ತಿಕೊಳ್ಳುವಂತಿಲ್ಲ. ಆಗ ಬೇಕಾಗುವುದು ಅಜ್ಜಿಯ ತೋಳು. ಅವರನ್ನೇ ಒಮ್ಮೆ ಸಮಾಲೋಚನೆಗೆ ಕರೆತನ್ನಿ. ಅಂದಹಾಗೆ, ‘ಕಸಾಯಿ’ ಎಂಬ ಹೆಸರಿಗೇ ಬೆಚ್ಚಿಬೀಳುವ ಹಿರಿಯರನ್ನು ನಾನು ಕಂಡಿದ್ದೇನೆ. ಅದು ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ ಅವರ ಹೆಸರು. ಆ ಚಿಕಿತ್ಸೆ ಅರವತ್ತು ದಿನದೊಳಗೆ ನಡೆದರೆ ಫಲ ಹೆಚ್ಚು. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ; ಎರಡು ವಾರ ಕಳೆದರೂ ಕಾಮಾಲೆ ಇಳಿಯದ, ಮಲ ಸುಣ್ಣದಂತೆ ಬಿಳಿಚಿದ ಕೂಸು ಮನೆಯಲ್ಲಿರುವ ಬೇರೆಯವರೂ ಇದನ್ನು ಓದುತ್ತಿರಬಹುದು.

ಮರುಪ್ರಶ್ನೆ: ಹೆಂಡತಿಯ ರಕ್ತದ ಗುಂಪು ಹೊಂದದಿದ್ದರೆ?

ಉತ್ತರ: ನಿಮ್ಮನ್ನೂ ಅಜ್ಜ ಅಜ್ಜಿಯರನ್ನೂ ಕಾಯ್ದೆ ಹತ್ತಿರದ ಸಂಬಂಧಿಗಳೆಂದೇ ಎಣಿಸುತ್ತದೆ, ವಯಸ್ಸು, ಆರೋಗ್ಯ ನೋಡಿ ನಿರ್ಧರಿಸಬಹುದು. ಒಂದು ವರ್ಷದೊಳಗಿನ ಮಗುವಿನಲ್ಲಿ ಬೇರೆ ಗುಂಪಿನ ವಿರುದ್ಧದ ಪ್ರತಿಕಾಯಗಳು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಗುಂಪು ಹೊಂದದಿದ್ದರೂ ಕೆಲವೊಮ್ಮೆ ಕಸಿ ಸಾಧ್ಯ. ಬರುವಾಗ ಮಗುವಿನ ಲಸಿಕೆಯ ಕಾರ್ಡು ತನ್ನಿ. ದಡಾರದಂಥ ಜೀವಂತ ಲಸಿಕೆಗಳನ್ನು ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ, ಮೊದಲೇ ಕೊಡಲು ಸಮಯವಿದೆಯೇ ಎಂದು ನೋಡಬೇಕು.