ಟೈಶಾಳನ್ನು ಬಿಟ್ಟಿದ್ದರಿಂದ ಜೇಮಿಯ ಕಥೆ ಕೆಟ್ಟಿತೇ? ‘ಗೇಮ್ ಆಫ್ ಥ್ರೋನ್ಸ್’ ಪುಸ್ತಕ, ಸೀರೀಸ್ ಚರ್ಚೆ

ಮಲ್ನಾಡ್_ಓದುಗ:
ಸ್ಪಾಯ್ಲರ್ ಇದೆ. ಎಂಟೂ ಸೀಸನ್ ನೋಡದವರು ಇಲ್ಲಿಂದಲೇ ವಾಪಸ್ ಹೋಗಿ.

ನಾನು ಸೀರೀಸ್ ಮೊದಲು ನೋಡಿ ಈಗ ಪುಸ್ತಕ ಹಿಡಿದವನು. ಮೂರನೆಯದು, ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’, ಮುಗಿಯಿತು. ಟಿರಿಯನ್ ಸೆರೆಮನೆಯಿಂದ ತಪ್ಪಿಸಿಕೊಳ್ಳುವ ರಾತ್ರಿ ಓದಿ ತಲೆ ಕೆಟ್ಟಿದೆ. ಸೀರೀಸ್‌ನಲ್ಲಿ ಅಣ್ಣ ಜೇಮಿ ಬಂದು ಬಿಡಿಸುತ್ತಾನೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ, ಅಷ್ಟೇ. ಪುಸ್ತಕದಲ್ಲಿ ಹಾಗಲ್ಲ. ಟಿರಿಯನ್ 13 ವರ್ಷದವನಿದ್ದಾಗ ಟೈಶಾ ಎಂಬ ಬಡ ಹುಡುಗಿಯನ್ನು ಮದುವೆಯಾಗಿದ್ದ. ಅವಳು ದುಡ್ಡಿಗೆ ಬಂದವಳು, ನಾನೇ ಗೊತ್ತುಮಾಡಿದ್ದೆ ಅಂತ ಜೇಮಿ ಆಗ ಹೇಳಿದ್ದ. ಅಪ್ಪ ಟೈವಿನ್ ಆ ಹುಡುಗಿಯನ್ನು ಮಗನ ಕಣ್ಣೆದುರೇ ಕಾವಲಿನವರ ಕೈಗೆ ಕೊಟ್ಟಿದ್ದ. ಈಗ, ಓಡಿಹೋಗುವ ಹೊತ್ತಿಗೆ, ಜೇಮಿ ನಿಜ ಬಾಯಿಬಿಡುತ್ತಾನೆ. ಅದು ಅಪ್ಪ ಹೇಳಿಸಿದ ಸುಳ್ಳು, ಹುಡುಗಿ ನಿನ್ನನ್ನು ಇಷ್ಟಪಟ್ಟೇ ಬಂದಿದ್ದಳು ಎನ್ನುತ್ತಾನೆ. ಟಿರಿಯನ್ ಅಣ್ಣನ ಮುಖಕ್ಕೆ ಹೊಡೆಯುತ್ತಾನೆ. ನಿನ್ನ ಸರ್ಸೀ (ಜೇಮಿಯ ಅವಳಿ ಸೋದರಿ, ಪ್ರೇಯಸಿಯೂ ಅವಳೇ) ಯಾರ್ಯಾರ ಜೊತೆ ಮಲಗಿದ್ದಾಳೆ ಗೊತ್ತಾ ಅಂತ ಹೆಸರು ಹಿಡಿದು ಹೇಳುತ್ತಾನೆ. ಸರ್ಸೀ ಮಗ, ರಾಜ ಜಾಫ್ರಿಯನ್ನು ಕೊಂದವನು ನಾನೇ ಅಂತ ಸುಳ್ಳೂ ಸೇರಿಸುತ್ತಾನೆ. ಆಮೇಲೆ ಅಪ್ಪನ ಹತ್ತಿರ ಹೋಗುತ್ತಾನೆ.

ಇಷ್ಟು ದೊಡ್ಡದನ್ನು ಯಾಕೆ ಬಿಟ್ಟರು?

ಪುಟ_ಮಡಚಿಟ್ಟವಳು:
ನನ್ನ ಪ್ರಕಾರ ಹಳಿ ತಪ್ಪಿದ್ದೇ ಅಲ್ಲಿಂದ. ತಮಾಷೆ ನೋಡಿ, ಮೊದಲ ಸೀಸನ್‌ನ ಒಂಬತ್ತನೇ ಎಪಿಸೋಡಿನಲ್ಲಿ ಟಿರಿಯನ್ ಗುಡಾರದಲ್ಲಿ ಕುಡಿಯುತ್ತಾ ತನ್ನ ಪ್ರೇಯಸಿ ಶೇ ಮತ್ತು ಬಾಡಿಗೆ ಕತ್ತಿವರಸೆಗಾರ ಬ್ರಾನ್‌ಗೆ ಈ ಮದುವೆಯ ಕಥೆಯನ್ನು ಹೇಳುತ್ತಾನೆ. ಅಂದರೆ ಅವರೇ ತಯಾರಿ ಮಾಡಿಟ್ಟಿದ್ದರು. ನಾಲ್ಕನೇ ಸೀಸನ್‌ಗೆ ಬರುವಾಗ ಕೈಬಿಟ್ಟರು. ಅದಿಲ್ಲದೆ ಟಿರಿಯನ್ ಅಪ್ಪನನ್ನು ಕೊಲ್ಲುವುದು ಸಿಟ್ಟಿನ ಕೆಲಸದ ಹಾಗೆ ಕಾಣುತ್ತದೆ. ಪುಸ್ತಕದಲ್ಲಿ ಅವನು ಮೊದಲು ಒಂದು ಪ್ರಶ್ನೆ ಕೇಳುತ್ತಾನೆ, ಟೈಶಾ ಎಲ್ಲಿಗೆ ಹೋದಳು ಅಂತ. ಅಪ್ಪನ ಉತ್ತರಕ್ಕೆ ಬಾಣ ಬಿಡುತ್ತಾನೆ.

ಸೋಮವಾರ_ಆರೂವರೆ:
ಮೇಡಂ, ಪುಸ್ತಕದವರ ಈ ಗೋಳು 2014ರಿಂದ ಕೇಳ್ತಾನೇ ಇದ್ದೇನೆ. ಮೂರು ವರ್ಷದ ಹಿಂದೆ ಬಾಯಿಮಾತಿನಲ್ಲಿ ಬಂದು ಹೋದ ಹೆಸರು ಟಿವಿ ನೋಡುವವನಿಗೆ ನೆನಪಿರುತ್ತಾ? ಟೈಶಾಳ ಮುಖವನ್ನೇ ನಾವು ನೋಡಿಲ್ಲ. ಶೇ ಮುಖ ನೋಡಿದ್ದೇವೆ, ಮೂರು ಸೀಸನ್ ಜೊತೆಗಿದ್ದೇವೆ. ಅಪ್ಪನ ಹಾಸಿಗೆಯಲ್ಲಿ ಅವಳನ್ನು ನೋಡಿದಾಗ ನಮಗೆ ಹೊಟ್ಟೆ ಹಿಂಡಿತು. ಕೊಲ್ಲುವುದಕ್ಕೆ ಅಷ್ಟು ಸಾಕಾಗಿತ್ತು. ಜನ ಬೆಳಿಗ್ಗೆ ಆರೂವರೆಗೆ ಅಲಾರಂ ಇಟ್ಟು ಹಾಟ್‌ಸ್ಟಾರ್ ಹಚ್ಚಿ ಕೂತಿದ್ದು ಪುಸ್ತಕ ತಾಳೆ ನೋಡೋದಕ್ಕಲ್ಲ.

ಎಡಿಟಿಂಗ್_ಟೇಬಲ್:
ನಾನು ಧಾರಾವಾಹಿ ಎಡಿಟಿಂಗ್‌ನಲ್ಲಿ ಇರುವವನು, ಸ್ವಲ್ಪ ಆ ಕಡೆಯ ಕಷ್ಟ ಹೇಳುತ್ತೇನೆ. ಮೂಲ ಲೇಖಕ ಜಾರ್ಜ್ ಮಾರ್ಟಿನ್ ಪುಸ್ತಕದಲ್ಲಿ ಪ್ರತಿ ಅಧ್ಯಾಯ ಒಬ್ಬರ ತಲೆಯೊಳಗೆ ನಡೆಯುತ್ತದೆ. ಮೊದಲ ಪುಸ್ತಕದಲ್ಲಿ ಮುನ್ನುಡಿ ಭಾಗ ಬಿಟ್ಟರೆ ಎಂಟೇ ಜನರ ತಲೆ. ಸರ್ಸೀ ಏನು ಯೋಚಿಸುತ್ತಾಳೆ ಅಂತ ನಮಗೆ ನಾಲ್ಕನೇ ಪುಸ್ತಕದವರೆಗೆ ಗೊತ್ತೇ ಆಗಲ್ಲ. ರಾಬ್ ಸ್ಟಾರ್ಕ್ ತಲೆಯೊಳಗೆ ಯಾವತ್ತೂ ಹೋಗುವುದಿಲ್ಲ. ಕ್ಯಾಮೆರಾಕ್ಕೆ ತಲೆಯೊಳಗೆ ಹೋಗೋಕೆ ಬರಲ್ಲ. ಮುಖ, ಮಾತು, ಕೋಣೆ, ಇಷ್ಟರಲ್ಲೇ ಎಲ್ಲ ತೋರಿಸಬೇಕು.

ಹಾಗಾಗಿ ಬದಲಾವಣೆ ಎಂದ ಕೂಡಲೇ ದ್ರೋಹ ಎನ್ನಬೇಡಿ. ಮೊದಲ ಸೀಸನ್‌ನ ಐದನೇ ಎಪಿಸೋಡಿನಲ್ಲಿ ರಾಜ ರಾಬರ್ಟ್ ಮತ್ತು ಅವನ ರಾಣಿ ಸರ್ಸೀ ಇಬ್ಬರೇ ವೈನ್ ಹಿಡಿದು ಕೂತು ಮಾತಾಡುವ ದೃಶ್ಯ ನೆನಪಿದೆಯಾ? ಅದು ಪುಸ್ತಕದಲ್ಲಿ ಇಲ್ಲ. ಇರೋಕೆ ಸಾಧ್ಯವೂ ಇಲ್ಲ, ಇಬ್ಬರಿಗೂ ಆ ಪುಸ್ತಕದಲ್ಲಿ ಅಧ್ಯಾಯವಿಲ್ಲ. ಆ ಸೀಸನ್‌ನ ಎಪಿಸೋಡುಗಳು ಉದ್ದ ಸಾಲದೆ ಬಂದಿದ್ದವು, ತುಂಬಿಸಲು ಸೀರೀಸ್ ಮಾಡಿದ ಬೆನಿಯಾಫ್ ಮತ್ತು ವೈಸ್ ಹೊಸ ದೃಶ್ಯ ಬರೆದರು. ಸೈನ್ಯದ ಲೆಕ್ಕ, ಐದು ಬೆರಳು ದೊಡ್ಡದಾ ಒಂದು ಮುಷ್ಟಿ ದೊಡ್ಡದಾ ಅಂತ ಶುರುವಾದ ಮಾತು ನಿಧಾನವಾಗಿ ಅವರ ಸತ್ತ ಸಂಸಾರಕ್ಕೆ ಬರುತ್ತದೆ. ನಮ್ಮಿಬ್ಬರಿಗೆ ಯಾವತ್ತಾದರೂ ಆಗಿಬರುತ್ತಿತ್ತಾ ಅಂತ ಅವಳು ಕೇಳುತ್ತಾಳೆ. ಇಲ್ಲ ಅನ್ನುತ್ತಾನೆ. ಕೂಗಾಟವಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ ಅನ್ನುವಷ್ಟು ಕಡಿಮೆ. 17 ವರ್ಷದ ದಾಂಪತ್ಯ ಕೆಲವೇ ನಿಮಿಷದಲ್ಲಿ ಕಾಣಿಸಿತು. ಎಡಿಟರ್ ಆಗಿ ಹೊಟ್ಟೆಕಿಚ್ಚು ನನಗೆ.

ಪುಟ_ಮಡಚಿಟ್ಟವಳು:
ಆ ದೃಶ್ಯ ನನಗೂ ಇಷ್ಟ. ಹ್ಯಾರನ್‌ಹಾಲ್ ಕೋಟೆಯಲ್ಲಿ ಸ್ಟಾರ್ಕ್ ಮನೆಯ ಹುಡುಗಿ ಆರ್ಯಾ ಟೈವಿನ್‌ಗೆ ವೈನ್ ಬಡಿಸುವುದೂ ಅಷ್ಟೇ. ಪುಸ್ತಕದಲ್ಲಿ ಅವಳು ಬಡಿಸುವುದು ರೂಸ್ ಬೋಲ್ಟನ್‌ಗೆ. ಟೈವಿನ್ ಪಾತ್ರದ ಚಾರ್ಲ್ಸ್ ಡ್ಯಾನ್ಸ್ ಎದುರು ಆ ಪುಟ್ಟ ಹುಡುಗಿಯನ್ನು ನಿಲ್ಲಿಸಿದ್ದು ಒಳ್ಳೆ ಬುದ್ಧಿ. ಹೊಸದು ಸೇರಿಸಿದ್ದಕ್ಕೆ ನನ್ನ ತಕರಾರಿಲ್ಲ.

ಸೋಮವಾರ_ಆರೂವರೆ:
ಕತ್ತರಿಸಿದ್ದಕ್ಕೂ ತಕರಾರು ಬೇಡ. ಬ್ಲ್ಯಾಕ್‌ವಾಟರ್ ಯುದ್ಧ ತಗೊಳ್ಳಿ. ಪುಸ್ತಕದಲ್ಲಿ ಟಿರಿಯನ್ ನದಿಗೆ ಅಡ್ಡ ದೊಡ್ಡ ಕಬ್ಬಿಣದ ಸರಪಳಿ ಎತ್ತಿಸಿ ದಾಳಿಗೆ ಬಂದ ಸ್ಟ್ಯಾನಿಸ್‌ನ ಹಡಗುಗಳನ್ನು ಸಿಕ್ಕಿಸುತ್ತಾನೆ. ಸೀರೀಸ್‌ನಲ್ಲಿ ಸರಪಳಿಯೇ ಇಲ್ಲ, ಹಸಿರು ಬೆಂಕಿ ಮಾತ್ರ. ಆ ಎಪಿಸೋಡಿನ ಸ್ಕ್ರಿಪ್ಟ್ ಬರೆದವರು ಯಾರು? ಜಾರ್ಜ್ ಮಾರ್ಟಿನ್ನೇ. ತಾವೇ ಕಟ್ಟಿದ ಸರಪಳಿ ತಾವೇ ಬಿಟ್ಟರು.

ಎಡಿಟಿಂಗ್_ಟೇಬಲ್:
ಅದೇ ಮಜಾ. ಅವರು 80ರ ದಶಕದಲ್ಲಿ ಹಾಲಿವುಡ್ ಟಿವಿಯಲ್ಲೇ ಬರಹಗಾರರಾಗಿದ್ದವರು. ಅವರ ಸ್ಕ್ರಿಪ್ಟ್ ತುಂಬಾ ಉದ್ದ, ತುಂಬಾ ದುಬಾರಿ ಅಂತ ಕತ್ತರಿಸುತ್ತಿದ್ದರು. ಆ ಸಿಟ್ಟಿಗೇ ಯಾರೂ ಚಿತ್ರೀಕರಿಸೋಕಾಗದಷ್ಟು ದೊಡ್ಡದು ಬರೆಯುತ್ತೇನೆ ಅಂತ ಪುಸ್ತಕಕ್ಕೆ ಕೂತರು. ಕಡೆಗೆ ಅದೇ ಟಿವಿಗೆ ಬಂತು.

ಮೊದಲ ಸೀಸನ್‌ನಲ್ಲಿ ಟಿರಿಯನ್ ಯುದ್ಧ ಶುರುವಾಗುವ ಮೊದಲೇ ತಲೆಗೆ ಪೆಟ್ಟು ಬಿದ್ದು ಮಲಗಿಬಿಡುತ್ತಾನಲ್ಲ, ಪುಸ್ತಕದಲ್ಲಿ ಅವನು ನಿಂತು ಕಾದಾಡುತ್ತಾನೆ. ದುಡ್ಡಿರಲಿಲ್ಲ, ಅಷ್ಟೇ. ಅದೂ ಒಳ್ಳೆ ಜೋಕಾಗಿ ಕೂತಿತು. ವಯಸ್ಸಿನದೂ ಹಾಗೆ. ಪುಸ್ತಕ ಶುರುವಾಗುವಾಗ ಜಾನ್‌ಗೆ 14, ಡೆನೇರಿಸ್‌ಗೆ 13. ಅದನ್ನು ಹಾಗೇ ತೆಗೆಯೋಕಾಗುತ್ತಾ? ಸುಮ್ನೆ ಕೇಸು ಬೀಳುತ್ತೆ.

ಗದುಗಿನ_ಪಕ್ಕದೂರು:
ನಾನೊಂದು ಅಡ್ಡಮಾತು ಹಾಕಲಾ? ಮೂಲ ಮುರಿಯೋದು ನಮಗೇನು ಹೊಸದಾ. ಪಂಪ ದ್ರೌಪದಿಯನ್ನು ಅರ್ಜುನನಿಗೊಬ್ಬನಿಗೇ ಮದುವೆ ಮಾಡಿಸಿದ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ, ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ಮಾರ್ಟಿನ್ ಐದಕ್ಕೆ ನಿಲ್ಲಿಸಿದರು, ಟಿವಿಯವರು ಪೂರೈಸಿದರು. ಇಷ್ಟು ಬೈಗುಳ ಯಾಕೆ?

ಪುಟ_ಮಡಚಿಟ್ಟವಳು:
ಸರ್, ತಿಮ್ಮಣ್ಣಕವಿಗೆ ಮುಂದೇನು ಅಂತ ಗೊತ್ತಿತ್ತು. ವ್ಯಾಸಭಾರತ ಎದುರಿಗಿತ್ತು. ಬೆನಿಯಾಫ್ ಅವರ ಎದುರಿಗೆ ಏನಿತ್ತು? ಐದನೇ ಪುಸ್ತಕ 2011ರಲ್ಲಿ ಬಂತು, ಸೀರೀಸ್ ಶುರುವಾದ ವರ್ಷವೇ. ಆರನೆಯದು ಬರಲೇ ಇಲ್ಲ. ಮಾರ್ಟಿನ್ ಕೆಲವು ಮುಖ್ಯ ತಿರುವುಗಳನ್ನು ಬಾಯಲ್ಲಿ ಹೇಳಿದ್ದರು. ಸ್ಟ್ಯಾನಿಸ್‌ನ ಮಗಳು ಷಿರೀನ್‌ಳನ್ನು ಸುಡುವುದು, ಹೋಡೋರ್ ಎಂಬ ಹೆಸರಿನ ಗುಟ್ಟು, ಕೊನೆಯ ಘಟ್ಟ. ಎಲ್ಲಿಗೆ ತಲುಪಬೇಕು ಗೊತ್ತಿತ್ತು, ಹೇಗೆ ತಲುಪಬೇಕು ಗೊತ್ತಿರಲಿಲ್ಲ.

ನನ್ನ ನಿಜವಾದ ತಕರಾರು ಅಲ್ಲಿದೆ. ಕಾರಣ ತೆಗೆದುಹಾಕಿ ಪರಿಣಾಮ ಮಾತ್ರ ಇಟ್ಟುಕೊಂಡರು. ಟೈಶಾ ಮಾತು ಹೋದ ಮೇಲೆ ಜೇಮಿಗೆ ಏನಾಯಿತು ನೋಡಿ. ಪುಸ್ತಕದಲ್ಲಿ ತಮ್ಮ ಹೇಳಿದ ಆ ಹೆಸರುಗಳ ಪಟ್ಟಿ ಜೇಮಿಯ ತಲೆಯಲ್ಲಿ ನಾಲ್ಕನೇ ಪುಸ್ತಕವಿಡೀ ಗುಂಯ್‌ಗುಟ್ಟುತ್ತದೆ. ಊಟ ಮಾಡುವಾಗ, ಸವಾರಿ ಹೋಗುವಾಗ, ಎಲ್ಲೆಂದರಲ್ಲಿ. ಕಡೆಗೆ ರಿವರ್‌ರನ್‌ನಲ್ಲಿ ಸರ್ಸೀ ಕಾಗದ ಬರುತ್ತದೆ, ಕೂಡಲೇ ಬಾ, ಕಾಪಾಡು ಅಂತ. ಹೊರಗೆ ಹಿಮ ಶುರುವಾಗಿರುತ್ತದೆ. ಜೇಮಿ ಓದುತ್ತಾನೆ, ಬೆಂಕಿಗೆ ಹಾಕು ಅಂತ ಕೊಟ್ಟುಬಿಡುತ್ತಾನೆ. ಸೀರೀಸ್‌ನ ಜೇಮಿಗೆ ಅವಳನ್ನು ಬಿಡೋಕೆ ಅಷ್ಟು ಗಟ್ಟಿ ಕಾರಣವೇ ಹುಟ್ಟಲಿಲ್ಲ. ಅದಕ್ಕೇ ಏಳನೇ ಸೀಸನ್‌ನಲ್ಲಿ ಬಿಟ್ಟು ಬಂದ, ಎಂಟರಲ್ಲಿ ತನ್ನನ್ನು ಪ್ರೀತಿಸಿದ ಬ್ರಿಯೆನ್‌ಳನ್ನು ಅಳಿಸಿ ವಾಪಸ್ ಓಡಿದ. ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಮರೆತು ಬಂದವನ ಹಾಗೆ.

ಸೋಮವಾರ_ಆರೂವರೆ:
ಕೊಡೆ 😂 ಆದರೆ ಚಟ ಬಿಡೋಕಾಗದವನ ಕಥೆಯಾಗಿ ನೋಡಿ, ಸರಿಯಾಗಿ ಕೂರುತ್ತದೆ. ಮೊದಲ ಎಪಿಸೋಡಿನಲ್ಲೇ ಅವಳಿಗಾಗಿ ಮಗುವನ್ನು ಕಿಟಕಿಯಿಂದ ತಳ್ಳಿದವನು. ಎಲ್ಲರೂ ಉದ್ಧಾರ ಆಗಲೇಬೇಕಾ?

ಪುಟ_ಮಡಚಿಟ್ಟವಳು:
ಆಗಬೇಕಿಲ್ಲ. ಆದರೆ ವಾಪಸ್ ಹೋಗುವ ಮನಸ್ಸು ಯಾವಾಗ ಬಂತು ಅಂತ ತೋರಿಸಬೇಕಲ್ವಾ. ಕೊನೆಯ ಸೀಸನ್ ಆರೇ ಎಪಿಸೋಡು. ಡೆನೇರಿಸ್ ಊರು ಸುಟ್ಟಿದ್ದೂ ಅದೇ ಪಾಡು.

ಸುಮ್ನೆ_ಬಂದೆ:
ಆರ್ಯಾಳ ಅಕ್ಕ ಸಾನ್ಸಾ ಬಗ್ಗೆ ಯಾರೂ ಎತ್ತಲೇ ಇಲ್ಲವಲ್ಲ. ಪುಸ್ತಕದಲ್ಲಿ ರ‍್ಯಾಮ್ಸಿ ಬೋಲ್ಟನ್ ಮದುವೆಯಾಗುವುದು ಜೇನ್ ಪೂಲ್‌ಳನ್ನು, ಸಾನ್ಸಾಳ ಗೆಳತಿ. ಅವಳೇ ಆರ್ಯಾ ಅಂತ ಸುಳ್ಳು ಹೇಳಿ ಕೊಟ್ಟಿರುತ್ತಾರೆ. ಐದನೇ ಸೀಸನ್‌ನಲ್ಲಿ ಆ ಜಾಗಕ್ಕೆ ಸಾನ್ಸಾಳನ್ನೇ ತಳ್ಳಿದರು. ಲಿಟಲ್‌ಫಿಂಗರ್‌ನಂಥ ಲೆಕ್ಕಾಚಾರದವನು ಕೈಯಲ್ಲಿರುವ ಅಷ್ಟು ದೊಡ್ಡ ಮನೆತನದ ಹುಡುಗಿಯನ್ನು ಗೊತ್ತುಗುರಿ ಇಲ್ಲದವನಿಗೆ ಕೊಡುತ್ತಾನಾ?

ಎಡಿಟಿಂಗ್_ಟೇಬಲ್:
ಅದು ಶುದ್ಧ ಟಿವಿ ಲೆಕ್ಕ. ಸೋಫಿ ಟರ್ನರ್ ಮುಖ್ಯ ನಟಿ. ಪುಸ್ತಕದ ಹಾಗೆ ಮಾಡಿದರೆ ಅವಳು ಬೆಟ್ಟದ ಕೋಟೆಯಲ್ಲಿ ಕೂತಿರಬೇಕು. ಇನ್ನೊಂದು ಕಡೆ ಪ್ರೇಕ್ಷಕರಿಗೆ ಗುರುತೇ ಇಲ್ಲದ ಜೇನ್‌ಗೆ ಹಿಂಸೆ ಆಗುತ್ತಿರಬೇಕು. ಎರಡನ್ನೂ ಒಂದು ಮಾಡಿದರು. ಕಥೆಯ ಒಳಗೆ ಅದು ಒಪ್ಪೋದಿಲ್ಲ, ಇದನ್ನು ನಾನು ಸಮರ್ಥಿಸಲ್ಲ.

ಈ ವಿಷಯಕ್ಕೆ ಇದರ ಹಿಂದಿನ ಕಾಲದ ಕಥೆ ಹೇಳುವ ಸೀರೀಸ್ ‘ಹೌಸ್ ಆಫ್ ದ ಡ್ರ್ಯಾಗನ್’ ಒಳ್ಳೆ ಉದಾಹರಣೆ. ಮೂಲ ‘ಫೈರ್ ಅಂಡ್ ಬ್ಲಡ್’ ಕಾದಂಬರಿಯ ಹಾಗಿಲ್ಲ, ಇತಿಹಾಸದ ಪುಸ್ತಕದ ಹಾಗಿದೆ. ಒಬ್ಬ ಪುರೋಹಿತ ಒಂದು ಹೇಳುತ್ತಾನೆ, ಮಶ್ರೂಮ್ ಎಂಬ ವಿದೂಷಕ ಪೋಲಿ ಕಥೆ ಹೇಳುತ್ತಾನೆ. ಯಾರದು ನಿಜವೋ. ಹಾಗಾಗಿ ಬರಹಗಾರರಿಗೆ ಜಾಗ ಜಾಸ್ತಿ. ಪುಸ್ತಕದಲ್ಲಿ ರಾಣಿ ಆಲಿಸೆಂಟ್ ರಾಜಕುಮಾರಿ ರೆನೀರಾಗಿಂತ ಎಷ್ಟೋ ದೊಡ್ಡವಳು. ಸೀರೀಸ್‌ನಲ್ಲಿ ಇಬ್ಬರೂ ಒಂದೇ ವಾರಿಗೆ, ಬಾಲ್ಯದ ಗೆಳತಿಯರು. ಆ ಬದಲಾವಣೆ ಕಥೆಗೆ ಬೆನ್ನೆಲುಬಾಯಿತು. ಪ್ಯಾಡಿ ಕಾನ್ಸಿಡೀನ್ ಮಾಡಿದ ವಿಸೇರಿಸ್ ರಾಜನನ್ನು ಮಾರ್ಟಿನ್ನೇ ಹೊಗಳಿದರು.

ಪುಟ_ಮಡಚಿಟ್ಟವಳು:
ಅದೇ ಮಾರ್ಟಿನ್ 2024ರ ಸೆಪ್ಟೆಂಬರಿನಲ್ಲಿ ಅದೇ ಸೀರೀಸ್ ಬಗ್ಗೆ ತಮ್ಮ ಬ್ಲಾಗಿನಲ್ಲಿ ಬೇಸರ ತೋಡಿಕೊಂಡು, ಆಮೇಲೆ ಆ ಬರಹ ತೆಗೆದರು. ಅದನ್ನೂ ಹೇಳಿ. ಪುಸ್ತಕದಲ್ಲಿ ಕೊಲೆಗಾರರು ಹೆಲೆನಾ ರಾಣಿಗೆ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ನೀನೇ ಆರಿಸು ಅನ್ನುತ್ತಾರೆ. ಅವಳು ಏನೂ ತಿಳಿಯದ ಚಿಕ್ಕವನು ಮೇಲರ್‌ನ ಹೆಸರು ಹೇಳುತ್ತಾಳೆ. ಅವರು ದೊಡ್ಡವನನ್ನು ಕೊಲ್ಲುತ್ತಾರೆ. ನಿಮ್ಮಮ್ಮ ನಿನ್ನ ಸಾವು ಬಯಸಿದಳು ಅಂತ ಚಿಕ್ಕವನಿಗೆ ಕೇಳುವ ಹಾಗೆ ಹೇಳಿ ಹೋಗುತ್ತಾರೆ. ಆಮೇಲೆ ಅವಳಿಗೆ ಆ ಮಗುವಿನ ಮುಖ ನೋಡೋಕಾಗಲ್ಲ. ಸೀರೀಸ್‌ನಲ್ಲಿ ಮೇಲರ್ ಹುಟ್ಟಿಯೇ ಇಲ್ಲ. ಅವಳು ಬರೀ ಗಂಡುಮಗು ಯಾವುದು ಅಂತ ಬೆರಳು ತೋರಿಸುತ್ತಾಳೆ. ಎಳೆ ಮಗುವನ್ನಿಟ್ಟು ಶೂಟಿಂಗ್ ಮಾಡೋದು ಕಷ್ಟ, ಖರ್ಚು ಅಂತ ಬಿಟ್ಟರು. ಒಂದು ಮಗು ಬಿಟ್ಟರೆ ಮುಂದೆ ಏನೇನು ಕಳಚಿಕೊಳ್ಳುತ್ತದೆ ಅಂತ ಮಾರ್ಟಿನ್ ಬಿಡಿಸಿ ಬರೆದಿದ್ದರು.

ಎಡಿಟಿಂಗ್_ಟೇಬಲ್:
ಬರೆದದ್ದು ಸರಿಯಾಗಿಯೇ ಇತ್ತು. ಆದರೆ ಎರಡು ವರ್ಷದ ಮಗುವನ್ನು ರಾತ್ರಿ ಶೂಟಿಂಗಿಗೆ ನಿಲ್ಲಿಸಿ ನೋಡಿ, ಆಮೇಲೆ ಮಾತಾಡೋಣ. ಅಳು ಬೇಕಾದಾಗ ನಗುತ್ತೆ, ನಗು ಬೇಕಾದಾಗ ನಿದ್ದೆ ಹೋಗಿರುತ್ತೆ.

ಸೋಮವಾರ_ಆರೂವರೆ:
ಪುಸ್ತಕ ಮುಗಿಸದೆ ಬ್ಲಾಗ್ ಬರೆಯೋದಕ್ಕೆ ಟೈಮಿತ್ತು ನೋಡಿ ಅವರಿಗೆ.

ಗದುಗಿನ_ಪಕ್ಕದೂರು:
ಇದಕ್ಕೆ ನನ್ನದೂ ಒಂದು ಲೈಕ್.

ಮಲ್ನಾಡ್_ಓದುಗ:
ಕೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು. ಕಾಗದ ಸುಡುವ ಜಾಗ ಮೊದಲೇ ಹೇಳಿಬಿಟ್ಟಿರಿ, ಇರಲಿ, ಸ್ಪಾಯ್ಲರ್ ಬೋರ್ಡ್ ಹಾಕಿದವನೇ ನಾನು. ನಾಲ್ಕನೆಯದು ತರಿಸಿದ್ದೇನೆ, ಇವತ್ತೇ ಶುರು. ಅಪ್ಪನನ್ನು ಕೊಂದ ಮೇಲೆ ಟಿರಿಯನ್ ಎಲ್ಲಿಗೆ ಹೋದ ಅಂತ ನೋಡದೆ ನಿದ್ದೆ ಬರಲ್ಲ.

ಪುಟ_ಮಡಚಿಟ್ಟವಳು:
ನಾಲ್ಕನೆಯದರಲ್ಲಿ ಟಿರಿಯನ್‌ಗೆ ಒಂದು ಅಧ್ಯಾಯವೂ ಇಲ್ಲ. ಜಾನ್‌ಗೂ ಇಲ್ಲ, ಡೆನೇರಿಸ್‌ಗೂ ಇಲ್ಲ. ಅವರೆಲ್ಲ ಐದನೆಯದರಲ್ಲಿ. ನಾಲ್ಕು ಬಂದಿದ್ದು 2005ರಲ್ಲಿ, ಐದಕ್ಕೆ ನಾವು 2011ರವರೆಗೆ ಕಾದೆವು. ನೀವು ಎರಡನ್ನೂ ಒಟ್ಟಿಗೇ ತರಿಸಿಕೊಳ್ಳಿ.