ಮಕ್ಕಳಿರುವ ಮನೆಗೆ ಚಿತ್ರಪುಸ್ತಕ, ಗೋಡೆಗೊಂದು ಚಿತ್ರ: ಆರಿಸುವುದು ಹೇಗೆ?

ಪ್ರಶ್ನೆ: ಕಾಗದದ ದೋಣಿ

ಒಂದೇ ಮನೆಯಲ್ಲಿ ಮೂರು ಮಕ್ಕಳು. ಚಿಕ್ಕದಕ್ಕೆ 10 ತಿಂಗಳು, ನಡುವಿನದಕ್ಕೆ 4 ವರ್ಷ, ದೊಡ್ಡದಕ್ಕೆ 9. ಆಟಿಕೆಗಳು ಆಗಲೇ ಬೇಕಾದಷ್ಟಿವೆ. ಮೂವರಿಗೂ ಒಳ್ಳೆಯ ಚಿತ್ರಪುಸ್ತಕ, ಜೊತೆಗೆ ಇಡೀ ಮನೆಗೆ ಸೇರಿ ಗೋಡೆಗೆ ಹಾಕುವಂಥ ಒಂದು ಚಿತ್ರ ಕೊಡುವ ಯೋಚನೆ ಇದೆ. ಆನ್‌ಲೈನ್‌ನಲ್ಲಿ ಮುಖಪುಟಗಳೆಲ್ಲ ಚಂದವಾಗಿಯೇ ಕಾಣುತ್ತವೆ, ಒಳಗೆ ಹೇಗಿದೆಯೋ ತಿಳಿಯುವುದಿಲ್ಲ. ಒಳ್ಳೆಯ ಚಿತ್ರಕಾರರನ್ನು ಎಲ್ಲಿಂದ ಹುಡುಕಬೇಕು? ಕೊಳ್ಳುವ ಮುಂಚೆ ಏನೇನು ನೋಡಬೇಕು? ಚಿತ್ರವನ್ನು ಕಟ್ಟು (ಫ್ರೇಮ್) ಹಾಕಿಸಿಯೇ ಕೊಡಬೇಕೇ?

ಉತ್ತರ: ಬಣ್ಣದ ಬುಗುರಿ

10 ತಿಂಗಳ ಮಗು ಪುಸ್ತಕವನ್ನು ಬಾಯಿಗೆ ಹಾಕಿಯೇ ಹಾಕುತ್ತದೆ. ಹಾಗಾಗಿ ಪ್ರತಿ ಹಾಳೆಯೂ ದಪ್ಪ ರಟ್ಟಿನದಾಗಿ, ಮೂಲೆಗಳು ದುಂಡಾಗಿ, ಎರಡು ಪುಟ್ಟ ಕೈಗಳಲ್ಲಿ ಹಿಡಿಯುವಂತೆ ಸುಮಾರು 15 ಸೆಂ.ಮೀ. ಅಳತೆಯಲ್ಲಿ ಇರಲಿ. ಪುಟಕ್ಕೆ ಒಂದೇ ದೊಡ್ಡ ಆಕೃತಿ, ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣ ಸಾಕು. ಗುಂಡಿ, ಮಣಿ, ಬಟ್ಟೆ ಅಂಟಿಸಿದ್ದರೆ ಎಳೆದು ನೋಡಿ. 3 ವರ್ಷದೊಳಗಿನವರ ಆಟಿಕೆ ಪರೀಕ್ಷಿಸುವ ಸಿಲಿಂಡರಿನ ಒಳವ್ಯಾಸ 31.7 ಮಿ.ಮೀ.; ಅದರೊಳಗೆ ಪೂರ್ತಿ ಹಿಡಿಸುವ ಯಾವ ಬಿಡಿಭಾಗವೂ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಜೊಲ್ಲಿನಿಂದ ರಟ್ಟು ಊದಿ ಪದರ ಬಿಡತೊಡಗಿದರೆ ಆ ಪುಸ್ತಕವನ್ನು ಅಂದೇ ತೆಗೆದಿಡಬೇಕು, ಕಿತ್ತ ಚೂರು ನೇರ ಬಾಯಿಗೆ ಹೋಗುತ್ತದೆ. ಎತ್ತಿ ನೋಡುವ ಕಿಟಕಿಗಳಿರುವ ಪುಸ್ತಕ ಈ ವಯಸ್ಸಿಗೆ ಬೇಡ, ಎರಡೇ ದಿನಕ್ಕೆ ಹರಿದುಹೋಗುತ್ತದೆ.

4 ವರ್ಷಕ್ಕೆ ಕಥೆಯ ಚಿತ್ರಪುಸ್ತಕ. ಇವು ಬಹುಪಾಲು 32 ಪುಟ ಇರುತ್ತವೆ. ದೊಡ್ಡ ಹಾಳೆಯನ್ನು ಮಡಚಿದಾಗ 8 ಅಥವಾ 16 ಪುಟಗಳ ಕಟ್ಟು ಬರುವುದೇ ಕಾರಣ. ಒಂದು ಜೋಡಿಪುಟ ತೆರೆದು, ಅಕ್ಷರಗಳ ಮೇಲೆ ಕೈಯಿಟ್ಟು ಮುಚ್ಚಿ ನೋಡಿ. ಚಿತ್ರ ಮಾತ್ರ ನೋಡಿ ಏನಾಗುತ್ತಿದೆ, ಮುಂದೆ ಏನಾಗಬಹುದು ಎಂದು ಮಗು ಹೇಳಬಲ್ಲದೇ? ಬರಹ ಹೇಳದ ಒಂದು ಸಂಗತಿ ಚಿತ್ರದಲ್ಲಿದೆಯೇ? ಎರಡಕ್ಕೂ ಹೌದು ಎನ್ನುವಂತಿದ್ದರೆ ಅದನ್ನು ನೂರು ಸಲ ಓದಿಸಿಕೊಳ್ಳುತ್ತದೆ. ವಾಕ್ಯದಲ್ಲಿರುವುದನ್ನೇ ಚಿತ್ರ ಮತ್ತೆ ತೋರಿಸುತ್ತಿದ್ದರೆ ಎರಡನೇ ಸಲಕ್ಕೇ ಕೈಬಿಡುತ್ತದೆ.

9 ವರ್ಷದವರಿಗೆ ಚಿತ್ರಪುಸ್ತಕದ ವಯಸ್ಸು ಮುಗಿಯಿತು ಎಂದುಕೊಳ್ಳಬೇಡಿ. ಕಟ್ಟಡವನ್ನೋ ಹಡಗನ್ನೋ ಸೀಳಿ ಒಳಗನ್ನು ತೋರಿಸುವ ದೊಡ್ಡ ಚಿತ್ರಗಳು, ನಕಾಶೆಗಳು, ಕಾಮಿಕ್ಸ್ ಈ ವಯಸ್ಸಿಗೆ ಹೇಳಿ ಮಾಡಿಸಿದಂತಿವೆ. ಒಂದೇ ಪುಸ್ತಕ ಕೊಳ್ಳುವ ಹಾಗಿದ್ದರೆ ಮಾತಿಲ್ಲದ ಚಿತ್ರಕಥೆ ಕೊಳ್ಳಿ. ನಾಲ್ಕರದು ಕಥೆ ಕಟ್ಟುತ್ತದೆ, ಒಂಬತ್ತರದು ಮೂಲೆಗಳಲ್ಲಿ ಅಡಗಿದ ಸುಳಿವು ಹುಡುಕುತ್ತದೆ, ಬೇರೆ ಭಾಷೆ ಓದುವ ಅಜ್ಜಿ ತಾತನೂ ಅದನ್ನೇ ಹಿಡಿದು ಕಥೆ ಹೇಳಬಹುದು.

ಉತ್ತರ: ನೀಲಿ ಮಸಿ

ಚಿತ್ರಕಾರರನ್ನು ಹುಡುಕಲು ಪ್ರಶಸ್ತಿಪಟ್ಟಿಗಳು ಒಳ್ಳೆಯ ದಾರಿ, ಆದರೆ ಯಾವುದು ಏನಕ್ಕೆ ಎಂದು ತಿಳಿದಿರಬೇಕು. ಮಕ್ಕಳ ಸಾಹಿತ್ಯದ ಅಂತರರಾಷ್ಟ್ರೀಯ ಗೌರವವಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ 1966ರಿಂದ ಚಿತ್ರಕಾರರಿಗೂ ಸಿಗುತ್ತಿದೆ, ಎರಡು ವರ್ಷಕ್ಕೊಮ್ಮೆ, ಒಟ್ಟು ಸಾಧನೆಗೆ. ಆದ್ದರಿಂದ ಅಲ್ಲಿಂದ ಹೆಸರು ತೆಗೆದುಕೊಂಡು ಅವರ ಪುಸ್ತಕಗಳನ್ನು ಹುಡುಕಿ. 1938ರಲ್ಲಿ ಶುರುವಾದ ಕಾಲ್ಡೆಕಾಟ್ ಪದಕ ವರ್ಷಕ್ಕೊಂದು ಚಿತ್ರಪುಸ್ತಕಕ್ಕೆ, ಅದೂ ಅಮೆರಿಕದ ಪ್ರಜೆಗಳು ಅಥವಾ ನಿವಾಸಿಗಳ ಕೃತಿಗೆ ಮಾತ್ರ. ಅದೊಂದನ್ನೇ ನೆಚ್ಚಿಕೊಂಡರೆ ಉಳಿದ ಜಗತ್ತು ತಪ್ಪಿಹೋಗುತ್ತದೆ. ಗೆದ್ದ ಪುಸ್ತಕಕ್ಕಿಂತ ಕೊನೆಯ ಸುತ್ತಿಗೆ ಬಂದ ಪುಸ್ತಕಗಳಲ್ಲಿ ವೈವಿಧ್ಯ ಹೆಚ್ಚು.

ಆನ್‌ಲೈನ್‌ನಲ್ಲಿ ಕಡೇಪಕ್ಷ ಮೂರು ಜೋಡಿಪುಟ ತೋರಿಸದ ಪುಸ್ತಕ ಕೊಳ್ಳಬೇಡಿ. ಚಿತ್ರಕಾರರ ಹೆಸರೇ ಇಲ್ಲ, ಪುಟದಿಂದ ಪುಟಕ್ಕೆ ಅಂಗಿಯ ಪಟ್ಟೆ, ಗುಂಡಿಗಳ ಲೆಕ್ಕ, ಕೈಬೆರಳು ಬದಲಾಗುತ್ತವೆ ಎಂದರೆ ಅದನ್ನು ಕೃತಕ ಬುದ್ಧಿಮತ್ತೆಯಿಂದ (ಎಐ) ಬರೆಸಿ ಸರಿನೋಡದೆ ಅಚ್ಚು ಹಾಕಿರುವ ಸಾಧ್ಯತೆ ಹೆಚ್ಚು. ಅಳತೆಯನ್ನು ಸೆಂ.ಮೀ.ನಲ್ಲಿ ಓದಿ. ದೊಡ್ಡ ಪುಸ್ತಕದ ಮರುಮುದ್ರಣವನ್ನು ಚಿಕ್ಕದಾಗಿಸಿದಾಗ ಸಣ್ಣ ವಿವರಗಳೆಲ್ಲ ಮಸುಕಾಗುತ್ತವೆ.

ಪುಸ್ತಕ ಕೈಗೆ ಬಂದ ಮೇಲೆ ಬೆನ್ನನ್ನು ಮೇಲಿನಿಂದ ನೋಡಿ. ಮಡಚಿದ ಕಟ್ಟುಗಳು ಕಂಡು, ಕಟ್ಟಿನ ನಡುವೆ ದಾರವೂ ಇದ್ದರೆ ಹೊಲಿಗೆ. ಬಿಡಿ ಹಾಳೆಗಳು ಸಾಲಾಗಿ ಅಂಟಿಗೆ ಹತ್ತಿದ್ದರೆ ಬರೀ ಅಂಟು. ಅಂಟಿನ ಪುಸ್ತಕವನ್ನು ಮಗು ನೆಲದ ಮೇಲೆ ಒತ್ತಿ ಬಿಡಿಸಿದರೆ ನಡುಹಾಳೆ ಕಳಚುತ್ತದೆ. ಜೋಡಿಪುಟದ ನಡುಸಂದಿಯಲ್ಲಿ ಮುಖವೋ ಅಕ್ಷರವೋ ಸಿಕ್ಕಿಕೊಂಡಿರಬಾರದು. ಕಾಗದ 130–150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಇದ್ದರೆ ಹಿಂಬದಿಯ ಚಿತ್ರ ಇಣುಕುವುದು ಕಡಿಮೆ. ರಾತ್ರಿ ದೀಪದಡಿ ಓದುವವರಿಗೆ ಹೊಳಪು ಕಾಗದ ಕಣ್ಣಿಗೆ ಹೊಡೆಯುತ್ತದೆ, ಮ್ಯಾಟ್ ವಾಸಿ.

ಉತ್ತರ: ಕಟ್ಟು ಮತ್ತು ಗಾಜು

ಗೋಡೆಯ ಚಿತ್ರದ ಬಗ್ಗೆ. ಎ3 ಅಳತೆಗೆ (29.7×42 ಸೆಂ.ಮೀ.) ಮುದ್ರಿಸುವುದಾದರೆ ಫೈಲು 300 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್) ಲೆಕ್ಕದಲ್ಲಿ 3508×4961 ಪಿಕ್ಸೆಲ್ ಇರಲಿ. ಫೋನಿನ ಪರದೆಯಲ್ಲಿ ಚಂದ ಕಂಡದ್ದರಲ್ಲಿ ಇದರ ಅರ್ಧದಷ್ಟೇ ಪಿಕ್ಸೆಲ್ ಇದ್ದರೆ ಹತ್ತಿರದಿಂದ ಗೆರೆಗಳು ಒಡೆದಂತೆ ಕಾಣುತ್ತವೆ, ಮಕ್ಕಳು ಮೂಗು ತಾಗಿಸಿಯೇ ನೋಡುವುದು. ಚಿತ್ರಕಾರರ ಅನುಮತಿ ಇರುವ ಫೈಲನ್ನೇ ಬಳಸಿ. ಪಿಗ್ಮೆಂಟ್ ಇಂಕ್ (ಬಣ್ಣದ ಸಣ್ಣ ಕಣಗಳಿರುವ ಮಸಿ), ಆಮ್ಲರಹಿತ ಕಾಗದ ಎಂದು ಕೇಳಿ ಪಡೆಯಿರಿ. ಡೈ ಇಂಕ್ (ಬಣ್ಣ ಕರಗಿರುವ ಮಸಿ) ಬೆಳಕಿಗೆ ಬೇಗ ಮಾಸುತ್ತದೆ. ಸೀಮಿತ ಪ್ರತಿಯಾದರೆ ಕೆಳಅಂಚಿನಲ್ಲಿ ಪೆನ್ಸಿಲಿನಲ್ಲಿ 12/50 ಎಂಬಂತೆ ಬರೆದಿರುತ್ತದೆ: 50 ಪ್ರತಿಗಳಲ್ಲಿ 12ನೆಯದು. ಕಟ್ಟಿನವರು ಅದನ್ನು ಮುಚ್ಚದಂತೆ ಮೊದಲೇ ಹೇಳಿ.

ಕಟ್ಟು ಹಾಕಿಸಿಯೇ ಕೊಡಿ. ಸುರುಳಿಯಾಗಿ ಕೊಟ್ಟ ಚಿತ್ರ ಬೀರುವಿನ ಮೇಲೆಯೇ ಉಳಿದುಬಿಡುತ್ತದೆ. ಎ3ಗೆ 40×50 ಸೆಂ.ಮೀ. ಕಟ್ಟು ಸರಿಹೊಂದುತ್ತದೆ. ಮೌಂಟ್‌ನ (ಚಿತ್ರದ ಸುತ್ತ ಇಡುವ, ನಡುವೆ ಕಿಂಡಿ ಕತ್ತರಿಸಿದ ರಟ್ಟು) ಕಿಂಡಿ 28.7×41 ಸೆಂ.ಮೀ. ಇದ್ದರೆ ಎಲ್ಲ ಬದಿಗೂ ಅರ್ಧ ಸೆಂ.ಮೀ. ಹಿಡಿತ ಸಿಗುತ್ತದೆ. ಮೌಂಟ್ ಬರೀ ಅಂದಕ್ಕಲ್ಲ, ಚಿತ್ರ ಗಾಜಿಗೆ ತಾಗದಂತೆ ಅಂತರ ಕೊಡುತ್ತದೆ. ತಾಗಿದರೆ ತೇವಕ್ಕೆ ಅಂಟಿಕೊಂಡು, ಬಿಡಿಸುವಾಗ ಬಣ್ಣ ಕಿತ್ತುಬರುತ್ತದೆ. ಹಾಳೆಯನ್ನು ಮೇಲಂಚಿನಲ್ಲಿ ಎರಡು ಕಡೆ ಮಾತ್ರ ಆಮ್ಲರಹಿತ ಟೇಪಿನಿಂದ ತೂಗಹಾಕಬೇಕು. ನಾಲ್ಕೂ ಬದಿ ಅಂಟಿಸಿದರೆ ಕಾಗದ ತೇವಕ್ಕೆ ಹಿಗ್ಗಲು ಜಾಗವಿಲ್ಲದೆ ಅಲೆಯಲೆಯಾಗುತ್ತದೆ. ಮಾಮೂಲಿ ಸೆಲ್ಲೋಟೇಪ್ ಬೇಡವೇ ಬೇಡ, ಹಳದಿ ಕಲೆ ಬಿಡುತ್ತದೆ.

ದೊಡ್ಡವರ ಕಣ್ಣಿಗೆ ಚಿತ್ರದ ನಡುಭಾಗ 145–150 ಸೆಂ.ಮೀ. ಎತ್ತರದಲ್ಲಿ ಬರುವಂತೆ ತೂಗುಹಾಕುವುದು ರೂಢಿ. ಮಕ್ಕಳ ಕೋಣೆಗೆ 90–100 ಸೆಂ.ಮೀ. ಸಾಕು, 4 ವರ್ಷದ ಮಗುವಿನ ಕಣ್ಣು ಸುಮಾರು ಅಷ್ಟೇ ಎತ್ತರ. ಕೈಗೆಟುಕುವುದರಿಂದ ಗಾಜಿನ ಬದಲು ಅಕ್ರಿಲಿಕ್ ಹಾಕಿಸಿ, ಎರಡು ಮೊಳೆಗೆ ತೂಗುಹಾಕಿ. ತೊಟ್ಟಿಲು, ಮಂಚದ ಮೇಲಿನ ಗೋಡೆ ಬೇಡ, ನೇರ ಬಿಸಿಲು ಬೀಳುವ ಗೋಡೆಯೂ ಬೇಡ.

ಪ್ರಶ್ನೆ: ಕಾಗದದ ದೋಣಿ

ಎಲ್ಲರಿಗೂ ಧನ್ಯವಾದ. ಕಡೆಯದಾಗಿ ಒಂದು: ಪುಸ್ತಕದ ಮೇಲೆ ಮಕ್ಕಳ ಹೆಸರು ಬರೆಯಬಹುದೇ, ಎಲ್ಲಿ?

ಉತ್ತರ: ನೀಲಿ ಮಸಿ

ಖಂಡಿತ ಬರೆಯಿರಿ. ರಕ್ಷಾಪುಟದ ಒಳಗಿನ ಮೊದಲ ಖಾಲಿ ಹಾಳೆಯಲ್ಲಿ ಹೆಸರು, ದಿನಾಂಕ, ಒಂದು ಸಾಲು. ಪೆನ್ಸಿಲ್ ಅಥವಾ ಪಿಗ್ಮೆಂಟ್ ಇಂಕಿನ ಪೆನ್ ಬಳಸಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಪುಟದಲ್ಲೂ ಅಚ್ಚು ಮೂಡುತ್ತದೆ. ರಟ್ಟು ಪುಸ್ತಕದ ನುಣುಪಿನ ಮೇಲೆ ಮಸಿ ನಿಲ್ಲುವುದಿಲ್ಲ, ಒರೆಸಿಹೋಗಿ ಮಗುವಿನ ಬಾಯಿ ಸೇರುತ್ತದೆ. ಅದಕ್ಕೆ ಬೇರೆ ಕಾರ್ಡಿನಲ್ಲಿ ಬರೆದು ತಾಯಿತಂದೆಯ ಕೈಗೆ ಕೊಡಿ.