ಸಹಾಯ ಬೇಕು: ಅಣ್ಣನಿಗೆ ಗೊತ್ತಿಲ್ಲದೆ ಅವನನ್ನು ಕಂಪನಿಯೊಂದರ ನಿರ್ದೇಶಕನನ್ನಾಗಿ ಮಾಡಿದ್ದಾರೆ

ಎಲ್ಲರಿಗೂ ನಮಸ್ಕಾರ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಡೆಸುವ ನನ್ನ ಅಣ್ಣ, ಸಾಲ ಕೊಡಿಸುವುದಾಗಿ ಹೇಳಿದ ಮಧ್ಯವರ್ತಿಯೊಬ್ಬರನ್ನು ನಂಬಿ ಆಧಾರ್, ಪ್ಯಾನ್ ಪ್ರತಿಗಳನ್ನೂ ಮೊಬೈಲಿಗೆ ಬಂದ ಓಟಿಪಿಯನ್ನೂ ಕೊಟ್ಟಿದ್ದ. ಈಗ ನೋಡಿದರೆ, ವರ್ಷಗಳಿಂದ ವಹಿವಾಟಿಲ್ಲದಿದ್ದರೂ ಷೇರುಪೇಟೆಯ ಪಟ್ಟಿಯಲ್ಲಿ ಉಳಿದಿರುವ ಒಂದು ಕಂಪನಿಗೆ ಅವನೇ ನಿರ್ದೇಶಕ.

ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ಕಡತ ತೆರೆದಾಗ, ಹಳೆಯ ನಿರ್ದೇಶಕರ ರಾಜೀನಾಮೆ, ಹೊಸ ನೇಮಕದ ಡಿಐಆರ್-12 ನಮೂನೆ, ಅಣ್ಣನ ಹೆಸರಿನ ಡಿಐಆರ್-2 ಒಪ್ಪಿಗೆ ಪತ್ರ ಎಲ್ಲವೂ ಸಿಕ್ಕವು. ಆ ಪತ್ರದಲ್ಲಿ ಇಂಗ್ಲಿಷ್ ಸಹಿಯಿದೆ. ನನ್ನ ಅಣ್ಣ ಜೀವಮಾನದಲ್ಲಿ ಕನ್ನಡದಲ್ಲಿ ಬಿಟ್ಟು ಸಹಿ ಮಾಡಿದವನಲ್ಲ. ಕೆಲವೇ ರೂಪಾಯಿಯ ಆ ಷೇರನ್ನು ಟೆಲಿಗ್ರಾಂ ಗುಂಪುಗಳಲ್ಲಿ ಹೊಗಳಿ ಯಾರೋ ಬೆಲೆ ಏರಿಸುತ್ತಿದ್ದಾರೆ. ಬೆಲೆ ಏರಿದಾಗ ಅವರು ತಮ್ಮ ಷೇರುಗಳನ್ನು ಮಾರಿ ಹೊರಟುಹೋದರೆ, ಹಣ ಕಳೆದುಕೊಂಡವರಿಗೂ ತನಿಖಾಧಿಕಾರಿಗಳಿಗೂ ಕಾಗದದ ಮೇಲೆ ಸಿಗುವುದು ಅಣ್ಣನ ಹೆಸರೇ ಎಂಬ ಭಯ ನಮ್ಮನ್ನು ಕಾಡುತ್ತಿದೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇವೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿಯೂ ದಾಖಲಿಸಿದ್ದೇವೆ. ಆ ದಾಖಲೆ, ಓಟಿಪಿ ಬಳಸಿ ಅಣ್ಣನ ಹೆಸರಿನಲ್ಲಿ ಮಾಡಿಸಿರಬಹುದಾದ ಡಿಜಿಟಲ್ ಸಹಿಯನ್ನು (ಆನ್‌ಲೈನ್ ನಮೂನೆಗಳಿಗೆ ಹಾಕುವ ಎಲೆಕ್ಟ್ರಾನಿಕ್ ಸಹಿ) ರದ್ದುಪಡಿಸುವುದು ಹೇಗೆ? 2013ರ ಕಂಪನಿ ಕಾಯ್ದೆಯ 447 (ವಂಚನೆ) ಮತ್ತು 448ನೇ (ಸುಳ್ಳು ಹೇಳಿಕೆ) ಕಲಂಗಳನ್ನು ಉಲ್ಲೇಖಿಸಿ ಕಂಪನಿ ನೋಂದಣಾಧಿಕಾರಿಗೆ ಬರೆಯುವ ಅರ್ಜಿಗೆ ಯಾವ ದಾಖಲೆ ಲಗತ್ತಿಸಬೇಕು? ಬಾಗಲಕೋಟೆ ಅಥವಾ ಬೆಳಗಾವಿಯಲ್ಲಿ ಇಂಥ ಪ್ರಕರಣ ನಡೆಸಿದ ಕಂಪನಿ ಸೆಕ್ರೆಟರಿ ಇಲ್ಲವೇ ವಕೀಲರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.